ಛಾವಣಿಯಿದ್ದ ಸೇತುವೆ

ವಡಾಲ, ಮುಂಬಯಿ
೧೪ ಡಿಸೆಂಬರ್ ೨೦೨೫

ಪ್ರೀತಿಯ ಮಂದಾ,

ನೀನು ಧಾರವಾಡದಿಂದ ಮತ್ತೆ ಮತ್ತೆ ಫೋನ್ ಮಾಡಿದರೂ ‘ಆರಾಮ’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಸಿಟ್ಟಾಗಿದ್ದರೆ ಕ್ಷಮಿಸು. ನಮ್ಮದು ಒಂದು ರೂಮು, ಒಂದು ಕಿಚನ್. ಫೋನಿನಲ್ಲಿ ಪಿಸುಗುಟ್ಟಿದರೂ ಇವರ ಕಿವಿಗೆ ಬೀಳುತ್ತದೆ. ಅದಕ್ಕೇ ಈ ಕಾಗದ. ಈಗಲೂ ಎದುರಿಗೇ ಕೂತಿದ್ದಾರೆ. ಪೆನ್ನಿನ ಸಪ್ಪಳ ಕೇಳಿ, ಏನು ಬರೆಯುತ್ತಿದ್ದೀ ಎಂದರು. ಕಿರಾಣಿ ಯಾದಿ ಎಂದೆ. ಇಷ್ಟುದ್ದದ ಯಾದಿಯೇ, ಯಾರ ಮದುವೆ ಎಂದು ನಕ್ಕರು.

ಹೌದು ಮಂದಾ, ಇವರ ಕಣ್ಣು ಪೂರ್ತಿ ಹೋಯಿತು. ನವರಾತ್ರಿಯವರೆಗೆ ಕಿಟಕಿಯ ಬೆಳಕಾದರೂ ತಿಳಿಯುತ್ತಿತ್ತು. ಈಗ ಅದೂ ಇಲ್ಲ. ಗ್ಲಾಕೋಮಾ. ಹೋದದ್ದು ಮರಳಿ ಬರುವ ರೋಗವಲ್ಲವಂತೆ.

ನಮ್ಮ ಅಮೆರಿಕದ ಕಥೆ ನಿನಗೆ ಅರ್ಧಮರ್ಧ ಗೊತ್ತು. ಘಾಟ್ಕೋಪರಿನಲ್ಲಿ ಹಿತೇಶ್ ಎಂಬವನು ಟೂರ್ ನಡೆಸುತ್ತಾನೆ. ಅವನ ದಾಯಾದಿಗಳು ಅಲ್ಲಿನ ಸಣ್ಣ ಸಣ್ಣ ಊರುಗಳಲ್ಲಿ ಮೋಟೆಲ್ ಇಟ್ಟಿದ್ದಾರೆ. ಜನರನ್ನು ಅಲ್ಲೇ ಇಳಿಸುತ್ತಾನೆ, ಅಡುಗೆಗೆ ಇಲ್ಲಿಂದಲೇ ‘ಮಹಾರಾಜ’ ಎನ್ನುವ ಭಟ್ಟನನ್ನು ಕರೆದೊಯ್ಯುತ್ತಾನೆ. ತೋರಿಸುವುದು ಆ ಊರುಗಳ ಹಳೆಯ ಕೋರ್ಟು, ಮ್ಯೂಸಿಯಂ ಆಗಿರುವ ಜೈಲು, ರೈಲು ಬಾರದ ರೈಲ್ವೆ ಸ್ಟೇಷನ್ನು. ನ್ಯೂಯಾರ್ಕ್ ನೋಡಬೇಕೆನ್ನುವವರು ಅವನ ಹತ್ತಿರ ಹೋಗುವುದೇ ಇಲ್ಲ.

ಇವರು ಮಾಟುಂಗದ ರೈಲ್ವೆ ವರ್ಕ್‌ಶಾಪಿನಲ್ಲಿ ಮರಗೆಲಸ ಮಾಡಿ ರಿಟೈರಾದವರು. ಹಿತೇಶ್ ಒಂದು ಫೋಟೋ ತೋರಿಸಿದ್ದೇ ತಡ, ಹುಚ್ಚು ಹಿಡಿಯಿತು. ಓಹಾಯೊದ ಯಾವುದೋ ಊರಿನ ಮರದ ಸೇತುವೆ. ಎರಡೂ ಕಡೆ ಗೋಡೆ, ಕಿಟಕಿ, ಮೇಲೆ ಛಾವಣಿ. ‘ಮಳಿಗೆ ಕಟಗಿ ಲಡ್ಡ ಆಗಬಾರದಂತ ಸೇತುವಿಗೇ ಮನಿ ಕಟ್ಯಾರ ನೋಡ ವನೀ’ ಎಂದು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ವೀಸಾ ಬಂತು. ಜೀವನದಲ್ಲಿ ಮೊದಲ ಸಲ ನನಗೂ ಒಂದು ಜೊತೆ ಶೂ ಬಂತು.

ಅಷ್ಟರಲ್ಲಿ, ಹೋದ ವರ್ಷ ಶ್ರಾವಣದಲ್ಲಿ, ಅತ್ತೆ ತೀರಿಕೊಂಡರು. ವರ್ಷಾಂತಿಕ ಆಗುವತನಕ ತಿಂಗಳು ತಿಂಗಳು ಮಾಸಿಕ ಮಾಡಬೇಕು, ಇವರೊಬ್ಬರೇ ಮಗ. ಕಣ್ಣಿನ ಡಾಕ್ಟರು ಮಾತ್ರ, ನೋಡುವುದೇನಿದ್ದರೂ ಈಗಲೇ ನೋಡಿಬಿಡಿ ಎಂದು ನಮ್ಮಿಬ್ಬರ ಎದುರಿಗೇ ಹೇಳಿದ್ದರು. ನಾನು ಮಾಟುಂಗದ ಆಚಾರ್ಯರ ಹತ್ತಿರ ಓಡಿದೆ. ಪರಿಸ್ಥಿತಿ ಹೀಗಿರುವಾಗ ದೋಷವಿಲ್ಲ, ಬಂದಮೇಲೆ ಕೂಡಿಸಿ ಮಾಡಿದರಾಯಿತು ಎಂದು ಅವರೇ ಮನೆಗೆ ಬಂದು ಹೇಳಿದರು. ಇವರು ಕೇಳಬೇಕಲ್ಲ! ಆಚಾರ್ಯರು ಹೋದಮೇಲೆ ನಾನು ಅತ್ತು ರಂಪ ಮಾಡಿದೆ.

‘ಅವ್ವಗ ಒಂದ ವರ್ಷ ಕೊಡಲಾರದವಗ ಕಣ್ಣು ಯಾತಕ್ಕ ಬೇಕು?’ ಎಂದರು.

ಪಕ್ಕದ ಮನೆಯ ಕಾಲೇಜು ಹುಡುಗಿ ಶ್ರೇಯಾ ಪಾಪ, ತನ್ನ ಹಳೆಯ ಕಂಪ್ಯೂಟರ್ ತಂದಿಟ್ಟು, ತನ್ನ ಹರಕುಮುರುಕು ಕನ್ನಡದಲ್ಲಿ ‘ಕಾಕಾ, ಇದು ಬ್ರಿಜ್ ಕಾ ಅಂದರ್ ಕಾ ಫೋಟೋ, ನೋಡಿ’ ಎಂದು ಎಲ್ಲ ಚಿತ್ರ ತೆಗೆದುಕೊಟ್ಟಳು. ಇವರ ದೃಷ್ಟಿ ಅಂಚಿನಿಂದ ಕಿರಿದಾಗುತ್ತ ಬಂದು ಕೊಳವೆಯೊಳಗಿಂದ ನೋಡಿದ ಹಾಗೆ ಆಗಿತ್ತು. ಅಷ್ಟರಲ್ಲೇ ಒಂದೊಂದು ಹಲಗೆಯನ್ನೂ ನೋಡಿ ಬಾಯಿಪಾಠ ಮಾಡಿದರು. ಚಹಾ ಕೊಟ್ಟರೆ ಮುಖ ತಿರುಗಿಸದೆ ಕೈ ಚಾಚುವರು. ತಡಿ, ಇದೊಂದು ನೋಡಿ ಮುಗಿಸುತ್ತೇನೆ ಎನ್ನುವರು. ನಾನೂ ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕೂತು, ನೋಡಲಿ, ಕಣ್ತುಂಬ ನೋಡಲಿ ಎಂದುಕೊಳ್ಳುತ್ತಿದ್ದೆ.

ಈ ಶ್ರಾವಣದಲ್ಲಿ ವರ್ಷಾಂತಿಕ ಮುಗಿಯಿತು. ಪಿಂಡ ಇಡುವಾಗ ದರ್ಭೆ ಎಲ್ಲಿದೆಯೆಂದು ತಡಕಾಡಿದರು. ಆಚಾರ್ಯರು ಕೈ ಹಿಡಿದು ಇಡಿಸಿದರು. ಇನ್ನು ನಮಗೆ ಅಮೆರಿಕವಿಲ್ಲವೆಂದು ಅಲ್ಲೇ ನನಗೆ ಗೊತ್ತಾಯಿತು.

ಹಿತೇಶ್ ಉಳಿದವರನ್ನು ಕರೆದುಕೊಂಡು ಹೋಗಿಬಂದ. ಹೋದ ವಾರ ಮನೆಗೆ ಬಂದು, ಅದೇ ಸೇತುವೆಯ ಪುಟ್ಟ ಮರದ ಮಾದರಿಯೊಂದನ್ನು ಇವರ ಕೈಗಿಟ್ಟ. ಇವರು ಅದನ್ನು ತಡವಿ ತಡವಿ, ತಪ್ಪು ಮಾಡಿದ್ದಾರೆ, ಈ ಕಡೆಗೆ ಕಿಟಕಿ ಮೂರು ಇರಬೇಕು, ಇಲ್ಲಿ ಎರಡೇ ಇವೆ ಎಂದರು. ಹಿತೇಶ್ ಮೊಬೈಲಿನಲ್ಲಿದ್ದ ಸೇತುವೆಯ ಫೋಟೋ ತೆರೆದು ನೋಡಿದರೆ ಮೂರೇ ಇದ್ದವು. ಅಂಕಲ್, ನೀವು ಆಗಲೇ ಹೋಗಿಬಂದಿದ್ದೀರಿ ಬಿಡಿ ಎಂದ. ಇವರ ಮುಖ ಎಷ್ಟು ಅರಳಿತೆಂದರೆ ನಾನು ಎದ್ದು ಒಳಗೆ ಹೋದೆ.

ಮುಂದಿನ ಸಲ ಆಂಟಿಯೊಬ್ಬರನ್ನೇ ಕರೆದೊಯ್ಯುತ್ತೇನೆ ಎನ್ನುತ್ತಾನೆ ಹಿತೇಶ್. ಹೋಗು, ಬಂದು ನನಗೆ ಹೇಳು ಎನ್ನುತ್ತಾರೆ ಇವರು. ನನಗೆ ಯಾವ ಊರೂ ಬೇಡ ಮಂದಾ. ಏನನ್ನೂ ನೋಡುವ ಆಸೆಯೇ ಉಳಿದಿಲ್ಲ. ಶೂ ಕೆಲಸದವಳಿಗೆ ಕೊಟ್ಟುಬಿಟ್ಟೆ.

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡ. ಮೊಮ್ಮಗಳಿಗೆ ನನ್ನ ಆಶೀರ್ವಾದ. ದೇವರು ಅವಳನ್ನು ತಣ್ಣಗಿಡಲಿ. ಇದಕ್ಕೆ ಉತ್ತರ ಬರೆಯಬೇಡ. ಕಾಗದ ಬಂದರೆ, ಯಾರದು, ಓದು ಎನ್ನುತ್ತಾರೆ.

ನಿನ್ನ,
ವನಮಾಲಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಹಿತೇಶ್ ಹೋದಮೇಲೆ ತಮಾಷೆಗೆ ಕೇಳಿದೆ, ಸೇತುವೆ ಇಷ್ಟು ನೆನಪಿದೆಯಲ್ಲ, ನಾನು ನೆನಪಿದ್ದೇನೆಯೇ ಎಂದು. ಸುಳ್ಳು ಹೇಳಲು ಬಾರದ ಮನುಷ್ಯ. ‘ಮದವಿ ಫೋಟೋದಾಗಿಂದು ಬರತದ ವನೀ. ಈಗಿನ ಮಾರಿ ಎಷ್ಟ ಮಾಡಿದ್ರೂ ಬರವಲ್ದು’ ಎಂದರು. ಈಗಿನ ಮುಖ ಬರದಿದ್ದರೇ ಒಳ್ಳೆಯದು, ಮುದುಕಿಯಾಗಿದ್ದೇನೆ ಎಂದು ನಕ್ಕುಬಿಟ್ಟೆ. ವರ್ಷವಿಡೀ ಆ ಸ್ಟೂಲಿನ ಮೇಲೆ, ಅವರ ಮಗ್ಗುಲಲ್ಲೇ ಕೂತಿದ್ದೆ ಮಂದಾ. ಒಂದು ಸಲ ಇತ್ತ ತಿರುಗಿ ನೋಡಬಾರದಿತ್ತೇ?