ಕರಿಯನ ಫೋಟೊ

ಜುಲೈ 9, ಬುಧವಾರ

ನಿದ್ದೆ ಹತ್ತುತ್ತಿಲ್ಲ. ನಾಳೆಯ ನಗರ ಪುಟದಲ್ಲಿ ನಾನೇ ಹಾಕಿದ ‘ವರದಿ ಫಲಶ್ರುತಿ’ ಬಾಕ್ಸು ತಲೆಯಿಂದ ಹೋಗುತ್ತಿಲ್ಲ. ನಮ್ಮ ಬೀದಿಯಲ್ಲಿ ನಾಯಿ ಕಾಟ ಅಂತ ಸೋಮವಾರ ಬರೆದೆವು, ಇವತ್ತು ನಾಯಿ ಹಿಡಿಯುವ ವ್ಯಾನು ಬಂತು. ಪತ್ರಿಕೆಗೆ ಹೆಮ್ಮೆ.

ಸಿಕ್ಕಿದ್ದು ನಮ್ಮ ಬೀದಿನಾಯಿ ಕರಿಯ ಒಬ್ಬನೇ. ಇದುವರೆಗೆ ಯಾರನ್ನೂ ಕಚ್ಚದವನು.

ಸಂಜೆ ಆಫೀಸಿಗೆ ಹೊರಟಾಗ ಎದುರುಮನೆ ಗಂಗಲಕ್ಷ್ಮಮ್ಮ ಗೇಟಿನ ಹತ್ತಿರ ತಡೆದರು. ನಾಯಿ ಕಾಟ ಅಂತ ಹಟ ಹಿಡಿದು ಬರೆಸಿದ್ದೇ ಅವರು.

“ಕಚ್ಚೋವೆಲ್ಲಾ ವ್ಯಾನ್ ಸದ್ದಿಗೇ ಓಡೋದ್ವು ಕಣಪ್ಪ. ಇದು ಕರೆದ್ರೆ ಬರ್ತದಲ್ಲ. ಬಿಸ್ಕತ್ ತೋರ್ಸಿದ್ರು, ಹೋಯ್ತು.” ಆಮೇಲೆ, “ಗೂಳೂರ್ ಕಡೆ ಯಾವ್ದೋ ಶೆಡ್ಡಿಗೆ ಹಾಕವ್ರಂತೆ. ವಾಪಸ್ ಬಿಡ್ಲಿ ಅಂತ ಒಂದ್ಸಲ ಬರಿಯಪ್ಪ” ಅಂದರು.

ನೋಡೋಣ ಅಂದೆ. ಏನಂತ ಬರೆಯಲಿ? ಕಚ್ಚುವವು ಈಗ ಹೊರಗೆ ಬೊಗಳುತ್ತಿವೆ.

ಬಾಕ್ಸಿನ ಆ ಫೋಟೊ ಬೇರೆ. ವ್ಯಾನಿನ ಜಾಲರಿಯ ಹಿಂದೆ ಕರಿಯ, ನಮ್ಮ ಫೋಟೊಗ್ರಾಫರ್ ಭೀಮರಾಜನ ಗುರುತು ಹಿಡಿದು, ಬಾಲ ಅಲ್ಲಾಡಿಸುತ್ತ ನಿಂತಿದ್ದಾನೆ. ಹಾಗೇ ಹಾಕಿದರೆ ಯಾರೂ ಅದನ್ನು ಕಾಟ ಅನ್ನುವುದಿಲ್ಲ.

ಬಾಲ ಕಾಣದ ಹಾಗೆ ಕ್ರಾಪ್ ಮಾಡಿ ಪುಟ ಕಳಿಸಿದೆ.