ಹೆಸರು ಕೂಗುವ ಊರು

ಸಿಲ್ಕಾಧಾರ, ಗಢವಾಲದ ಬೆಟ್ಟಸೀಮೆ
ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು, ಫೆಬ್ರವರಿ ಮೂವತ್ತು, ನೆಲವಾರ

ಪೂಜ್ಯ ಪಾರವ್ವ ಆಯಿಯವರಿಗೆ, ನಿಮ್ಮ ಮೊಮ್ಮಗಳ ಮರಿಮಗಳು ನೀಲಗಂಗವ್ವ ಮಾಡುವ ಶರಣಾರ್ಥಿ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತು ಇರಲಿಲ್ಲವೆಂದು ಬಲ್ಲೆ. ಉಳಿದ ತಿಂಗಳುಗಳು ತಮ್ಮಲ್ಲಿ ಹೆಚ್ಚಾಗಿದ್ದ ದಿನಗಳನ್ನು ಬಿಟ್ಟುಕೊಟ್ಟು ಅದರ ಕೊರತೆ ತೀರಿಸಿ ಬಹಳ ಕಾಲವಾಯಿತು. ನೆಲವಾರವೆಂದರೆ ಭಾನುವಾರದ ಮರುದಿನ. ಅಂದು ಯಾರೂ ಅಗೆಯುವುದಿಲ್ಲ, ಉಳುವುದಿಲ್ಲ. ನೆಲಕ್ಕೂ ಒಂದು ರಜೆ. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮಗೀಗ ಮೂವತ್ತೈದು ತುಂಬಿರಲಿಕ್ಕಿಲ್ಲ. ಅರವತ್ತು ದಾಟಿದ ನಾನು ನಿಮ್ಮನ್ನು ಆಯಿ ಎನ್ನುವುದೂ ವಿಚಿತ್ರವೇ. ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ನಮ್ಮ ಅಂಚೆಯಲ್ಲಿ, ನಿಮಗೆ ಮುಂದಾಗುವುದನ್ನು ತಿಳಿಸುವಂತಿಲ್ಲ. ಆದ್ದರಿಂದ ಬಂಗಾರದ ದರ ಕೇಳಬೇಡಿ. ಮನೆವಾರ್ತೆ ಮಾತ್ರ ಬರೆಯಬಹುದು, ನನ್ನ ಹತ್ತಿರ ಇರುವುದೂ ಅದೇ.

ನನ್ನ ಮಗಳು ಕಸ್ತೂರಿಯನ್ನು ಈ ಬೆಟ್ಟದೂರಿಗೆ ಕೊಟ್ಟಿದ್ದೇವೆ. ಈಗ ಅವಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಿಮ್ಮಿಂದ ಬಂದದ್ದು. ಏನೇನೋ ಬಿಟ್ಟ ನಾವು ಇದೊಂದನ್ನು ಬಿಟ್ಟಿಲ್ಲ. ಹಸಿರು ಸೀರೆ, ಹಸಿರು ಬಳೆ, ಅಂಟಿನುಂಡೆ, ಶೇಂಗಾ ಹಿಂಡಿ, ಬನಶಂಕರಿಯ ಗಾಜಿನ ಪಟ ಎಲ್ಲ ಕಟ್ಟಿಕೊಂಡು ಬಂದೆ. ಸೀಮಂತದ ಕುಬಸ ಮಾಡಿ ಅವಳನ್ನು ಗಜೇಂದ್ರಗಡಕ್ಕೆ ಕರೆದೊಯ್ಯುವುದೆಂದು ತೇಲುಬಂಡಿಯಲ್ಲಿ, ಅಂದರೆ ಹಳಿ ಮುಟ್ಟದೆ ಓಡುವ ರೈಲಿನಲ್ಲಿ, ಇಬ್ಬರಿಗೂ ಸೀಟು ಹಿಡಿದಿಟ್ಟಿದ್ದೆ. ಕುಬಸವೇನೋ ಆಯಿತು, ಕಸ್ತೂರಿ ಮಾತ್ರ ಬರಲು ಒಲ್ಲೆನೆಂದು ಕೂತಳು. ಈ ಸೀಮೆಯ ನೆಲ ಆಗಾಗ ಅಲುಗುತ್ತದೆಂದು ನಾನು ಕೇಳಿದ್ದೆ. ನಮ್ಮ ಗುಡ್ಡದ ಬಂಡೆಗಳು ಇಟ್ಟಲ್ಲಿ ಇಟ್ಟ ಹಾಗೇ ಇರುವುದನ್ನು ನೋಡುತ್ತ ಬೆಳೆದವಳಿಗೆ ಇದು ಹೇಗೆ ಸಹ್ಯವಾದೀತು? ಬಂದಾಗಿನಿಂದ ಅದೇ ಜಗಳ.

"ಹೊಟ್ಟಿ ಹೊತ್ಕೊಂಡು ಇಂಥಾ ನೆಲದಾಗ ಹ್ಯಾಂಗ ಇರ್ತಿ?" ಎಂದರೆ, "ಇಲ್ಲಿ ಮಂದಿ ಹಡಿಯೂದಿಲ್ಲೇನ ಬೇ?" ಎಂದು ತಿರುಗಿ ಕೇಳುತ್ತಿದ್ದಳು.

ಬೀಗಿತಿ ಸತೇಶ್ವರಿ ನಡುವೆ ಬಾಯಿ ಹಾಕಲಿಲ್ಲ. ಅವರದು ಗಢವಾಲಿ, ನನ್ನದು ಕನ್ನಡ. ನಡುವೆ ನುಡಿಗುಬ್ಬಿ: ಕಿವಿಯಲ್ಲಿ ಕೂರುವ ಕಡಲೆಕಾಳಿನಷ್ಟು ಯಂತ್ರ. ಎದುರಿನವರ ಮಾತನ್ನು ಕನ್ನಡ ಮಾಡಿ ಹೇಳುತ್ತದೆ, ಆದರೆ ವಾರ್ತೆ ಓದುವವರ ಕನ್ನಡ. "ಚಹಾ ಸೇವನೆಗೆ ಆಗಮಿಸಬೇಕಾಗಿ ವಿನಂತಿ" ಎಂದು ಅದು ಕಿವಿಯಲ್ಲಿ ಉಸುರುವಾಗ ನಗು ತಡೆಯುವುದು ಕಷ್ಟ. ನಮ್ಮ ಜಗಳದ ಬಗ್ಗೆ ಬೀಗಿತಿಯನ್ನೇ ಕೇಳಿದೆ. "ನಿರ್ಣಯವನ್ನು ತಮಗೇ ಬಿಡಲಾಗಿದೆ" ಎಂದಿತು ಗುಬ್ಬಿ.

ಇಲ್ಲಿಯ ಮನೆಗಳನ್ನು ನೀವು ನೋಡಬೇಕು, ಆಯಿ. ಗೋಡೆಯಲ್ಲಿ ಕಲ್ಲಿನದೊಂದು ಸಾಲು, ದೇವದಾರು ತೊಲೆಯದೊಂದು ಸಾಲು. ಮೇಲೆ ಸೂಜಿಹೆಂಚು, ಪೈನ್ ಮರದ ಉದುರೆಲೆ ಒತ್ತಿ ಮಾಡಿದ್ದು, ಎತ್ತಿದರೆ ಹಪ್ಪಳದಷ್ಟು ಹಗುರ. ಮನೆಯ ನಟ್ಟನಡುವೆ ಒಂದು ಕಂಬ, ಎಲ್ಲ ತೊಲೆಗಳೂ ಅದಕ್ಕೇ ಬಂದು ಸೇರುತ್ತವೆ. ಕಸ್ತೂರಿ ಅದಕ್ಕೆ ಅಪ್ಪುಗಂಬವೆಂದು ಕನ್ನಡದ ಹೆಸರಿಟ್ಟಿದ್ದಾಳೆ. ನೆಲ ಅಲುಗಿದಾಗ ಎಲ್ಲರೂ ಬಂದು ತಬ್ಬಿಕೊಳ್ಳುವುದು ಅದನ್ನೇ. ಪ್ರತಿ ನೆಲವಾರ ಅದಕ್ಕೆ ಸಾಸಿವೆಯೆಣ್ಣೆ ತಿಕ್ಕುತ್ತಾರೆ, ಹಬ್ಬದ ದಿನ ಮನೆಯ ಹಿರಿಯರಿಗಿಂತ ಮೊದಲು ಅದಕ್ಕೆ ಕುಂಕುಮ. ಭಾರದ ಸಾಮಾನು ಯಾವುದೂ ಮೊಣಕಾಲಿಗಿಂತ ಎತ್ತರದಲ್ಲಿ ಇರುವುದಿಲ್ಲ. ತಾಮ್ರದ ಕೊಡ, ಒರಳು, ಕೊನೆಗೆ ದೇವರೂ ನೆಲಮಟ್ಟದಲ್ಲೇ. ಇದನ್ನು ಮಾತ್ರ ನನಗೆ ನೋಡಲಾಗಲಿಲ್ಲ. ನಾನು ತಂದ ಬನಶಂಕರಿಯ ಪಟವನ್ನು ಬೀಗಿತಿ ಮೊಣಕಾಲೆತ್ತರದ ಗೂಡಿನಲ್ಲಿ ಇಟ್ಟಿದ್ದರು. ತಾಯಿಯನ್ನು ಕಾಲ ಬಳಿ ಕೂರಿಸುವುದೇ ಎಂದು, ಅವರು ನೀರಿಗೆ ಹೋದಾಗ ಒಂದು ಮೊಳೆ ಹುಡುಕಿ, ಕಸ್ತೂರಿ ಮಲಗುವ ಮಂಚದ ತಲೆಯ ಮೇಲೆ ಎತ್ತರದಲ್ಲಿ ತೂಗುಹಾಕಿದೆ. ಮರಳಿದ ಬೀಗಿತಿ ಪಟವನ್ನು ನೋಡಿದರು, ನನ್ನನ್ನು ನೋಡಿದರು. ಅತಿಥಿಗೆ ಏನೂ ಅನ್ನಬಾರದೆಂದು ಕೊಡ ಇಳಿಸಿ ಒಲೆಯ ಕಡೆ ಹೋದರು. ನಾನು ಗೆದ್ದೆ ಅಂದುಕೊಂಡೆ.

ಮೊನ್ನೆ ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅಳಿಯ ಕೆಲಸಕ್ಕೆಂದು ಕಣಿವೆಗೆ ಇಳಿದಿದ್ದರು. ಕಸ್ತೂರಿ ಮಂಚದ ಮೇಲೆ ಅಡ್ಡಾಗಿದ್ದಳು. ಪಾತ್ರೆಯ ನೀರು ನಡುಗಿತು. ನಾನು ಜೋರಾಗಿ ಬಡಿಯುತ್ತಿದ್ದೇನೆಂದು ತಿಳಿದು ಕೈ ಹಗುರ ಮಾಡಿದೆ. ನಡುಕ ನಿಲ್ಲಲಿಲ್ಲ. ಕೈ ತೆಗೆದೆ, ಆಗಲೂ ನಿಲ್ಲಲಿಲ್ಲ. ಅಷ್ಟರಲ್ಲಿ ಮಗಳು ಎದ್ದು ಕಂಬದ ಬಳಿ ಇದ್ದಳು. ನನಗೆ ತಿಳಿಯುವ ಮೊದಲೇ ಅವಳ ಬೆನ್ನಿಗೆ ತಿಳಿದಿತ್ತು. ಹಿಟ್ಟಿನ ಕೈಯಲ್ಲೇ ಅವಳ ರಟ್ಟೆ ಹಿಡಿದು ಬಾಗಿಲಿಗೆ ಎಳೆದೆ.

"ಹೊರಗ ನಡಿ, ಹೊರಗ!"

"ಹೊರಗ ಕಲ್ಲು ಉಳ್ಳತಾವ ಬೇ! ಬಾ ಇಲ್ಲೆ!"

ಏಳು ತಿಂಗಳ ಬಸುರಿ ನನ್ನನ್ನೇ ಎಳೆದುಕೊಂಡಳು. ಹೊಟ್ಟೆಗೆ ಒತ್ತದ ಹಾಗೆ ಪಕ್ಕಕ್ಕೆ ತಿರುಗಿ ಕಂಬ ತಬ್ಬಿದಳು, ಬೀಗಿತಿ ಆ ಕಡೆಯಿಂದ ತಬ್ಬಿದರು, ಇಬ್ಬರ ತೋಳಿನ ನಡುವೆ ನಾನು. ಎಳೆದಾಟದಲ್ಲಿ ನುಡಿಗುಬ್ಬಿ ಕಿವಿಯಿಂದ ಜಾರಿ ಎಲ್ಲೋ ಬಿತ್ತು. ಆಯುಷ್ಯವಿಡೀ ನಮ್ಮ ಗುಡ್ಡದ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡಿದವಳು ನಾನು. ತುದಿಯಲ್ಲಿ ನಿಂತಾಗ ಯಂತ್ರ ಗಾಳಿಗೆ ತೂಗಾಡದಿದ್ದರೇ ನಮಗೆ ಭಯ. ತೂಗಿದರೆ ಅದು ಗಟ್ಟಿಯಿದೆಯೆಂದೇ ಲೆಕ್ಕ. ಆ ಮನೆ ಹಾಗೆಯೇ ತೂಗಿತು. ಒಂದೊಂದು ತೊಲೆಯೂ ಕಿರ್ರೆಂದು ಮಾತಾಡಿ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. ಭಯದ ನಡುವೆಯೂ ಇದನ್ನು ಕಟ್ಟಿದ ಕೈಗೆ ನಮಸ್ಕರಿಸಬೇಕೆನಿಸಿತು. ಒಳಗೆಲ್ಲೋ ಏನೋ ಒಡೆದ ಸದ್ದಾಯಿತು. ಆಮೇಲೆ ನೆಲ ಸುಮ್ಮನಾಯಿತು. ಸಣ್ಣ ಕಂಪನ ಅಷ್ಟೇ. ಇಲ್ಲಿಯವರು ಊಟದ ಹೊತ್ತಿಗೆ ಮರೆಯುವಂಥದ್ದು.

ನಿಮಗೆ ಹೇಳಬೇಕೆಂದಿದ್ದು ಮುಂದಿನದು. ಎಲ್ಲರೂ ಅಂಗಳಕ್ಕೆ ಬಂದರು. ಯಾರೂ ಅಳಲಿಲ್ಲ, ಓಡಲಿಲ್ಲ. ಬೆಟ್ಟದ ತುದಿಯ ಮನೆಯಿಂದ ಒಬ್ಬರು ಕೆಳಗಿನ ಮನೆಯವರ ಹೆಸರುಗಳನ್ನು ಕೂಗಿದರು, ಅವರು "ಛೌಂ" ಎಂದರು. ಇದ್ದೇನೆ ಅಂತ. ಓಗೊಟ್ಟವರು ತಮ್ಮ ಕೆಳಗಿನ ಮನೆಯವರನ್ನು ಕೂಗಿದರು. ಹೀಗೆ ಮನೆಯಿಂದ ಮನೆಗೆ ದನಿ ಇಳಿಯುತ್ತ ಬಂತು. ತಂತಮ್ಮವರನ್ನು ಯಾರೂ ಕೂಗುವುದಿಲ್ಲ. ಪಕ್ಕದವರ ಹೊಣೆ ಪಕ್ಕದವರಿಗೆ. ಕಿವಿಯಲ್ಲಿ ಗುಬ್ಬಿ ಇರಲಿಲ್ಲ, ಬೇಕಾಗಲೂ ಇಲ್ಲ. ಹೆಸರಿಗೆ ಯಾವ ಅನುವಾದ?

ನಮ್ಮ ಮೇಲಿನ ಮನೆಯಿಂದ ಕೂಗು ಬಂತು: "ಸತೇಶ್ವರಿ!" ಬೀಗಿತಿ ಓಗೊಟ್ಟರು. "ಕಸ್ತೂರಿ!" ಮಗಳು ಓಗೊಟ್ಟಳು. "ನೀಲಗಂಗವ್ವ!" ಕೂಗಿದವರು ನಾನು ಮುಖವನ್ನೇ ನೋಡಿರದ ಹೆಂಗಸು. ಕಸ್ತೂರಿ ತಿವಿದ ಮೇಲೆ "ಅದೀನಿ" ಅಂದೆ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಹೆಸರು ಬಂತು: "ಬೈಸಾಖು!"

ಆ ಹೆಸರಿನವರು ಈ ಮನೆಯಲ್ಲಿ ಇಲ್ಲವಲ್ಲ ಎಂದು ನಾನು ಸುತ್ತ ನೋಡಿದೆ. ಕಸ್ತೂರಿ ಹೊಟ್ಟೆಯ ಮೇಲೆ ಕೈಯಿಟ್ಟು, ಕತ್ತೆತ್ತಿ, ನಮ್ಮೂರ ಮಾತಿನಲ್ಲಿ ಕೂಗಿ ಹೇಳಿದಳು: "ಅದೀನಿ!"

ವೈಶಾಖದಲ್ಲಿ ಹುಟ್ಟಲಿರುವ ಕೂಸಿಗೆ ಓಣಿಯವರೇ ಇಟ್ಟ ಹೆಸರಂತೆ ಅದು. ಬಸಿರು ನಿಂತ ಸುದ್ದಿ ತಿಳಿದ ದಿನದಿಂದ ಪ್ರತಿ ಕಂಪನದಲ್ಲೂ ಕೂಗುತ್ತಾರೆ. ನನ್ನ ಕಣ್ಣು ತುಂಬಿತು. ಒರೆಸಿಕೊಳ್ಳಲು ಪುರುಸೊತ್ತಾಗಲಿಲ್ಲ, ಏಕೆಂದರೆ ಬೀಗಿತಿ ಕೂಗಿದ ಹೆಸರಿಗೆ ಕೆಳಗಿನ ಮನೆಯ ಒಂಟಿ ಮುದುಕ ಖಿಲಾನಂದ ಓಗೊಡಲಿಲ್ಲ. ಎರಡನೆಯ ಸಲ ಕೂಗುವಷ್ಟರಲ್ಲಿ ಅರ್ಧ ಓಣಿ ಅವರ ಮನೆಯೊಳಗಿತ್ತು, ನಾನೂ ಇದ್ದೆ. ಅವರು ಅರ್ಧ ಗಡ್ಡ ಹೆರೆದು, ಇನ್ನರ್ಧಕ್ಕೆ ನೊರೆ ಹಚ್ಚಿಕೊಂಡು, ಕೈಯಲ್ಲಿ ಕತ್ತಿ ಹಿಡಿದೇ ಕಂಬ ತಬ್ಬಿ ನಿಂತಿದ್ದರು. ಬಾಯಿ ತೆರೆದರೆ ಸೋಪು ಹೋಗುತ್ತಿತ್ತಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಒಬ್ಬಾಕೆ ನಗುತ್ತಲೇ ಅವರ ಮುಖ ಒರೆಸಿದಳು.

ಮನೆಗೆ ಮರಳಿದೆವು. ಇಡೀ ಸಿಲ್ಕಾಧಾರದಲ್ಲಿ ಆ ದಿನ ಬಿದ್ದದ್ದು ಒಂದೇ ವಸ್ತು: ನಾನು ತೂಗುಹಾಕಿದ ಪಟ. ಗಾಜಿನ ಚೂರು ಕಸ್ತೂರಿಯ ತಲೆದಿಂಬಿನ ತುಂಬ. ನೆಲದ ಮೇಲೆ ಅಷ್ಟು ಗುಮಾನಿಪಟ್ಟವಳು ನಾನು, ಮೊಳೆ ಹೊಡೆದವಳೂ ನಾನೇ. ಬೀಗಿತಿ ಚೂರುಗಳನ್ನು ಬಳಿದು, ಬನಶಂಕರಿಯ ಚಿತ್ರವನ್ನು ಸೆರಗಿನಿಂದ ಒರೆಸಿ, ಕುಂಕುಮವಿಟ್ಟು, ಮೊಣಕಾಲೆತ್ತರದ ಗೂಡಿನಲ್ಲಿ ಕೂರಿಸಿದರು. ಹಿಟ್ಟಿನಲ್ಲಿ ಬಿದ್ದಿದ್ದ ಗುಬ್ಬಿಯನ್ನು ಹುಡುಕಿ ಕೊಟ್ಟರು. ಕಿವಿಗಿಟ್ಟುಕೊಂಡೆ, ಬೀಗಿತಿ ಏನೋ ಅಂದರು. "ಮಾತೆಯು ಕೆಳಗೆ ಆಸೀನಳಾದಲ್ಲಿ ನಮಗೆ ಮಾತನಾಡಲು ಅನುಕೂಲ" ಎಂದಿತು ಗುಬ್ಬಿ. ಈ ಸಲ ನಗು ಬರಲಿಲ್ಲ.

ತೇಲುಬಂಡಿಯ ಎರಡೂ ಸೀಟು ಬಿಟ್ಟುಕೊಟ್ಟೆ. ಬಾಣಂತನ ಇಲ್ಲೇ, ಮಾಡುವವಳು ನಾನೇ. ಮಗಳನ್ನು ತವರಿಗೆ ಕರೆತರಲಿಲ್ಲವೆಂಬ ನೋವು ಇದೆ, ಮುಚ್ಚಿಡುವುದಿಲ್ಲ. ಆದರೆ ಓಣಿಯ ಸರದಿಯಲ್ಲಿ ಈಗಾಗಲೇ ಜಾಗ ಹಿಡಿದ ಕೂಸನ್ನು ಎಬ್ಬಿಸಿಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ.

ಈಗ ಒಂದು ಬೇಡಿಕೆ, ಆಯಿ. ಈ ರೂಢಿ ಎಲ್ಲಿಂದ ಬಂತೆಂದು ಇಲ್ಲಿ ಎಲ್ಲರನ್ನೂ ಕೇಳಿದೆ. ಯಾರಿಗೂ ಗೊತ್ತಿಲ್ಲ. ಹೊರಗಿನಿಂದ ಬಂದ ಯಾವಳೋ ಮೊದಲು ಕೂಗಿದಳಂತೆ, ಅಷ್ಟೇ. ನಿಮ್ಮ ಕಾಲದಲ್ಲೂ ಎಲ್ಲಿಗೋ ಪ್ರವಾಸ ಹೋದಾಗ ಕಾಲ ಕೆಳಗೆ ನೆಲ ಒಮ್ಮೆ ನಡುಗೀತು. ಪೇಪರಿನ ಮೂಲೆಯಲ್ಲಿ ಎರಡು ಸಾಲು ಬರುವಂಥ ಸಣ್ಣ ನಡುಕ. ಎಲ್ಲರೂ ಬೀದಿಗೆ ಬಂದು ತಂತಮ್ಮ ಮನೆಗೆ ಫೋನ್ ಹಚ್ಚುತ್ತ ನಿಂತಿರಬಹುದು. ಆಗ ನೀವು ಪಕ್ಕದ ಕೋಣೆಯವರ ಹೆಸರು ಹಿಡಿದು ಕೂಗಿ. ಅದಕ್ಕಾಗಿ ಹೋಗಿ ಇಳಿದ ದಿನವೇ ಕೇಳಿಟ್ಟುಕೊಳ್ಳಿ. ಜನ ವಿಚಿತ್ರವಾಗಿ ನೋಡಿದರೆ ನೋಡಲಿ.

ಮೊದಲನೆಯ ಹೆಸರನ್ನು ನೀವು ಕೂಗಿ. ಓಗೊಡಲು ನಾವು ಇಲ್ಲಿ ಅದೀವಿ.

ನಿಮ್ಮ
ನೀಲಗಂಗವ್ವ