ಬಾಳೆಹಣ್ಣು ಹಾಕಿದ ಕೋಳಿ

ಫೋರ್ಟ್ ಮಿಲ್, ಅಮೆರಿಕ, ೧೨ ಅಕ್ಟೋಬರ್ ೨೦೨೩

ಅತ್ತೆಗೆ ನಮಸ್ಕಾರ. ಮಗಳು ಹರ್ಷಾಳ ಮನೆಯಲ್ಲಿ ನಾವಿಬ್ಬರೂ ಸೌಖ್ಯ. ಆದರೆ ನಿಮ್ಮ ಮಗನ ಮೇಲೆ ಒಂದು ದೂರಿದೆ, ನಿಮಗಲ್ಲದೆ ಯಾರಿಗೆ ಹೇಳಲಿ?

ಪಕ್ಕದ ಮನೆಯ ಬಿರ್ಗಿಟ್ಟಾ ಸ್ವೀಡನ್ನಿನವರು. ಶನಿವಾರ ನಮ್ಮನ್ನು ಊಟಕ್ಕೆ ಕರೆದು ತಮ್ಮ ಊರಿನ ಅಡುಗೆ ಬಡಿಸಿದರು. ಕೋಳಿಯ ತುಂಡುಗಳ ಮೇಲೆ ಬಾಳೆಹಣ್ಣು ಹೆಚ್ಚಿಟ್ಟು, ಕೆನೆ ಮತ್ತು ಮೆಣಸಿನ ಸಾಸ್ ಸುರಿದು, ಒವನ್ನಿನಲ್ಲಿ ಬೇಯಿಸಿ, ಮೇಲೆ ನೆಲಗಡಲೆ ಉದುರಿಸಿದ್ದರು. ನಾನು ಮರ್ಯಾದೆಗೆ ಎರಡು ತುತ್ತು ತಿಂದೆ. ಸಾರಿನಲ್ಲಿ ಚೂರು ಸಿಹಿ ಕಂಡರೂ ಊಟ ಬಿಟ್ಟು ಏಳುವ ನಿಮ್ಮ ಮಗ ಮೂರು ಸಲ ಹಾಕಿಸಿಕೊಂಡರು. "ಭಾರೀ ಲಾಯ್ಕುಂಟು, ಹೇಗೆ ಮಾಡುದಂತ ಕೇಳಿಕೋ" ಎಂದು ನನಗೇ ಹೇಳಿದರು.

ಮರುದಿನ ನೀವು ಕಲಿಸಿದಂತೆ ಬೆಲ್ಲ, ಒಣಮೆಣಸು ಹಾಕಿ ಅನಾನಸಿನ ಮೆಣಸ್ಕಾಯಿ ಗೊಜ್ಜು ಮಾಡಿದೆ. ಇವರು ಬಟ್ಟಲು ದೂಡಿ, "ಇದು ಸೀ ಅಲ್ವಾ, ನಂಗೆ ಆಗುದಿಲ್ಲಂತ ಗೊತ್ತುಂಟಲ್ಲ" ಎಂದರು.

"ನಿನ್ನೆಯ ಬಾಳೆಹಣ್ಣು ಕಹಿ ಇತ್ತಾ?" ಎಂದೆ.

"ಅದು ಬೇರೆ."

ಮೈಯೆಲ್ಲ ಉರಿಯಿತು. ಪಾತ್ರೆಯನ್ನು ಹಾಗೆಯೇ ಎತ್ತಿಕೊಂಡು ಬಿರ್ಗಿಟ್ಟಾರ ಮನೆಗೆ ಹೋದೆ. ಅವರು ನಿಂತಲ್ಲೇ ಬ್ರೆಡ್ಡು ಅದ್ದಿ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ.

ನನ್ನ ಗಂಟುನೋವು ಕಡಿಮೆಯಾಗಿದೆ. ನೀವು ಬಿಪಿ ಮಾತ್ರೆ ತಪ್ಪಿಸಬೇಡಿ. ಈ ಕಾರ್ಡು ಅಂಚೆಗೆ ಹಾಕಲು ಹರ್ಷಾ ಬಾಗಿಲಲ್ಲಿ ನಿಂತಿದ್ದಾಳೆ.

ಅತ್ತೆ, ಹಬ್ಬದ ದಿನವೂ ನಿಮ್ಮ ಮಗನಿಗೆಂದೇ ನೀವು ಸಿಹಿಯಿಲ್ಲದ ಬೇರೆ ಸಾರು ಮಾಡುತ್ತಾ ಬಂದಿರಿ, ಆಮೇಲೆ ನಾನೂ ಮಾಡಿದೆ. ನವೆಂಬರಿನಲ್ಲಿ ನಾವು ಬಂದ ಮೇಲೆ ಮನೆಗೆಲ್ಲ ಒಂದೇ ಸಾರು. ಬೇಡವಾದವರಿಗೆ ಮಜ್ಜಿಗೆ ಉಂಟು.

ಕುಸುಮಾವತಿ